ಕೆಂಪು ಬಳೆ ಕಳಚುವ ಊರು

ತಳಕಲ್
೨ ಜುಲೈ ೨೦೨೪

ಪ್ರೀತಿಯ ಜರೀನಾ,

ಗಂಗಾವತಿಯ ಬಸುರಿ-ಆರೈಕೆ ತರಬೇತಿಯಲ್ಲಿ ನನ್ನ ಜೊತೆ ಒಂದೇ ಚಾಪೆಯ ಮೇಲೆ ಮಲಗಿದವಳು ನೀನು, ನಿನಗೆ ಇಷ್ಟು ದಿನ ಒಂದು ಸುದ್ದಿ ಕೊಡಲಿಲ್ಲ. ಬೈಯಬೇಡ. ತರಬೇತಿ ಕೊಟ್ಟು ಕೆಲಸಕ್ಕಿಟ್ಟ ಸಂಸ್ಥೆಯವರು ಕೊಟ್ಟಿದ್ದ ಫೋನನ್ನು ಮೊನ್ನೆ ಕಸಿದುಕೊಂಡರು. ನಿನ್ನ ನಂಬರೂ ಅದರೊಳಗೇ ಹೋಯಿತು. ಬಳೆಗಾರ್ತಿ ಚಾಂದಬೀ ಮುಂಜಾನೆಯ ಬಸ್ಸಿಗೆ ಮುನಿರಾಬಾದಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಪತ್ರ. ನಿನ್ನ ಅಮ್ಮಿಗೆ ನನ್ನ ಸಲಾಮು ಹೇಳು.

ಬಿ.ಪಿ. ಸರಿ ಇರುವ ಬಸುರಿಗೆ ಹಸಿರು ಬಳೆ, ಏರಿದವಳಿಗೆ ಕೆಂಪು ಬಳೆ ತೊಡಿಸಿ ಎಂದು ನಮಗೆ ಕಲಿಸಿದ್ದು ನೆನಪಿದೆಯಲ್ಲ? ಬಸುರಿ ತನ್ನ ಬಳೆ ಒಡೆಯುವುದಿಲ್ಲ, ಗುರುತು ಹೆರಿಗೆಯವರೆಗೂ ಉಳಿಯುತ್ತದೆ ಎಂದಿದ್ದರು. ಒಡೆಯಲಿಲ್ಲ, ಕಳಚಿದರು! ಕೆಂಪು ಕಂಡರೆ "ಆಕಿಗೇನ್ ರೋಗ ಐತಿ?" ಎಂದು ಓಣಿ ಕೇಳುತ್ತದೆ. ಅದಕ್ಕೆ ಕುಬಸದ ದಿನ, ಸೀಮಂತದ ಆರತಿಗೆ ಮೊದಲು, ಅತ್ತೆಯರು ಚಾಂದಬೀಯಿಂದ ಸೋಪಿನ ನೊರೆ ಹಚ್ಚಿಸಿ ಕೆಂಪು ಇಳಿಸಿ ಹಸಿರು ಏರಿಸುತ್ತಾರೆ. ತಾನು ಒಲ್ಲೆ ಎಂದರೆ ಮುಂದೆ ಯಾರೂ ಬಳೆ ತೊಡಿಸಲು ಮನೆಗೆ ಕರೆಯುವುದಿಲ್ಲ ಎನ್ನುತ್ತಾಳೆ ಅವಳು.

ಹೋದ ವಾರ ಸಂಸ್ಥೆಗೆ ಅನುದಾನ ಕೊಟ್ಟವರು ನೋಡಲು ಬಂದರು. ಸಮುದಾಯ ಭವನದ ತುಂಬ ಬಸುರಿಯರು, ಎತ್ತಿದ ಕೈಯೆಲ್ಲ ಹಸಿರು. ಚಪ್ಪಾಳೆ ಬಿತ್ತು. ಅಪಾಯವೇ ಇಲ್ಲದ ಊರಿಗೆ ಗಾಡಿ ಯಾಕೆ ಎಂದು, ಬಸುರಿಯರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಗಾಡಿಯನ್ನು ಕುಷ್ಟಗಿ ಕಡೆ ಕಳಿಸಿಬಿಟ್ಟರು. ಹೆಣ್ಣಿನ ಜೀವ ಇವರಿಗೆ ಫೋಟೋದ ಬಣ್ಣ. ನಾನು ಎದ್ದು ನಿಂತೆ.

"ಈ ಹಸಿರು ನಂಬಬ್ಯಾಡ್ರಿ. ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ನೀವ ನೋಡ್ರಿ" ಎಂದೆ.

ಮೇಲ್ವಿಚಾರಕ ಶರಣಬಸಪ್ಪ ನಗುತ್ತಲೇ ಬಂದು ಕಿವಿಯಲ್ಲಿ ಹೇಳಿದ: "ಫಕೀರಮ್ಮಾ, ಊಟದ ಹೊತ್ತಿನ್ಯಾಗ ನಿನ್ನ ಹೋರಾಟದ ಹಾಡು ಬ್ಯಾಡ. ನಾಳಿಯಿಂದ ನೀ ಬರೂದೂ ಬ್ಯಾಡ."

ಕೆಲಸ ಹೋಯಿತು, ಹೋಗಲಿ. ಹೆದರಿಕೆ ಅದಕ್ಕಲ್ಲ. ನಾನು ಕೆಂಪು ತೊಡಿಸಿದ ಕೈಗಳೆಲ್ಲ ನನಗೆ ಗೊತ್ತು. ಆ ಮನೆಗಳಿಗೆ ಮತ್ತೆ ಹೋದರೆ, "ನಿನ್ನ ನೌಕರಿನ ಹೋಗೇತಿ, ಇನ್ಯಾಕ ಬರ್ತಿ?" ಎಂದು ಬಾಗಿಲು ಹಾಕಿದರು. ಈಗ ಹಾದಿಯಲ್ಲಿ ಬಳೆಯ ಸಪ್ಪಳ ಕೇಳಿದರೂ ನಿಂತು ಆ ಕೈಯ ಬಣ್ಣ ನೋಡುತ್ತೇನೆ.

ನಿನ್ನಲ್ಲಿ ಒಂದೇ ಬೇಡಿಕೆ. ಪತ್ರ ಮುಟ್ಟಿದ ಕೂಡಲೇ ನಿನ್ನ ತಮ್ಮ ಇಮ್ರಾನನ ಜೀಪು ಕಳಿಸು. ತಳಕಲ್ ಕ್ರಾಸಿನಲ್ಲಿ ನಿಂತಿರುತ್ತೇನೆ. ಯಲಬುರ್ಗಾದಲ್ಲಿ ಒಬ್ಬ ಬಸುರಿ ಇದ್ದಾಳೆ. ತಲೆ ಸಿಡಿತ, ಕಣ್ಣ ಮುಂದೆ ಮಿಂಚು. ಅದರ ಮುಂದೆ ಫಿಟ್ಸು ಎಂದು ನಾವಿಬ್ಬರೂ ಕಲಿತಿದ್ದೇವೆ. ಸೈರನ್ ಹಾಕಿಕೊಂಡು ಬರುವ ಆಂಬುಲೆನ್ಸಿಗೆ ಅವಳ ಅತ್ತೆ ಹತ್ತಗೊಡುವುದಿಲ್ಲ, ಓಣಿ ನೋಡುತ್ತದಂತೆ. ಜೀಪಾದರೆ ಯಾರೂ ತಿರುಗಿ ನೋಡುವುದಿಲ್ಲ, ನೇರ ಕೊಪ್ಪಳದ ಆಸ್ಪತ್ರೆಗೆ ಒಯ್ಯುತ್ತೇನೆ.

ನಿನ್ನ ಮಕ್ಕಳು ಗಟ್ಟಿಯಾಗಿರಲಿ. ನಿನ್ನ ಬಾಯಿ ಇನ್ನೂ ಜೋರಾಗಲಿ.

ನಿನ್ನ
ಫಕೀರಮ್ಮ

ತಾ.ಕ.: ಆ ಬಸುರಿ ನನ್ನ ಮಗಳು ಲಲಿತಾ. ನಿನ್ನೆ ಅವಳ ಕುಬಸ. ನಾನೇ ತೊಡಿಸಿದ್ದ ಕೆಂಪು ಬಳೆಗೆ ಚಾಂದಬೀ ನೊರೆ ಹಚ್ಚಿ ಹಚ್ಚಿ ಸೋತಳು. ಕೈ ಅಷ್ಟು ಬಾತಿದೆ. ಬಳೆ ಗೆಣ್ಣು ದಾಟಲಿಲ್ಲ, ಹಸಿರು ಬಳೆ ಒಳಗೆ ಹೋಗಲೂ ಇಲ್ಲ. "ಬಸುರಿ ಮೈ ತುಂಬಿಕೊಂಡಾಳ" ಎಂದು ಅತ್ತೆ ನಕ್ಕಳು. ಮಣ್ಣೆತ್ತಿನ ಅಮಾವಾಸ್ಯೆ ಕಳೆಯದೆ ಹೊಸ್ತಿಲು ದಾಟಿಸುವುದಿಲ್ಲವಂತೆ. ಅಮಾವಾಸ್ಯೆ ಶುಕ್ರವಾರ, ಅಲ್ಲಿಯವರೆಗೆ ನಾನು ಕಾಯುವುದಿಲ್ಲ. ಆ ಮನೆಯ ಮುಂದೆ ಇಮ್ರಾನ ಹಾರ್ನ್ ಹೊಡೆಯುವುದು ಬೇಡ. ಎಂಜಿನ್ನು ಆರಿಸುವುದೂ ಬೇಡ.