ಉಪ್ಪುನೀರಿಗೆ ಒಂದು ಚೂರು

ರಾಯಚೂರು, ಉರಿಮಾಸ ೩೨, ಕ್ರಿ.ಶ. ೨೨೬೮

ಆಪರೇಷನ್ ಥಿಯೇಟರಿನಲ್ಲಿ ಡಬ್ಬಿ ಹಿಡಿದು ನಿಂತಿರುವ ತಂಗಿಗೆ,

ತಾರೀಖು ನೋಡಿ ಗಾಬರಿಯಾಗಬೇಡ, ನಿನಗಿಂತ ಇನ್ನೂರು ಚಿಲ್ಲರೆ ವರ್ಷ ಆಚೆಯಿಂದ ಬರೆಯುತ್ತಿದ್ದೇನೆ. ಬೇಸಿಗೆ ಹಿಗ್ಗಿದ ಮೇಲೆ ನಾವು ವರ್ಷಕ್ಕೆ ಸೇರಿಸಿಕೊಂಡ ತಿಂಗಳು ಉರಿಮಾಸ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಯವಾಗಿ ಬರೆಯುವಷ್ಟು ಸಮಾಧಾನ ನನಗಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಹುಳಿಗೆಮ್ಮ. ಮಗಳು ನೀಲಾಂಬಿಕೆಗೆ ಏಳು ವರ್ಷ. ನಮ್ಮದು ನೆಲದಡಿಯ ಮನೆ. ಸೊಳ್ಳೆ ಔಷಧಿಗಳೆಲ್ಲ ಸೋತ ಮೇಲೆ ಇಲ್ಲಿ ಪ್ರತಿ ಗೋಡೆಗೂ ಹಲ್ಲಿಗೂಡು ಕಟ್ಟಿ ಹಲ್ಲಿ ಸಾಕುತ್ತೇವೆ. ಹಲ್ಲಿಯ ಹೊಟ್ಟೆಯಲ್ಲಿ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ, ಇರುತ್ತದಂತೆ. ಹಿಕ್ಕೆ ಮಣ್ಣಿಗೆ ಬೀಳುತ್ತದೆ, ಮಣ್ಣಿನ ಕೈ ಮಕ್ಕಳ ಬಾಯಿಗೆ ಹೋಗುತ್ತದೆ. ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ನನ್ನವಳಿಗೆ ಜ್ವರ ಬಂತು, ಮೈ ಇಳಿಯಿತು, ಕರುಳಿನಲ್ಲಿ ಗಂಟು ಬೆಳೆಯಿತು. "ಯವ್ವಾ, ಹೊಟ್ಟ್ಯಾಗ ಕಲ್ಲು ಕುಂತಂಗಾಗೈತಿ" ಅನ್ನುತ್ತಿದ್ದಳು.

ಒಳಗನ್ನಡಿ ಎಂಬ ಗುಳಿಗೆ ನುಂಗಿಸಿದರು. ಅದು ಕರುಳಿನಲ್ಲಿ ಸಾಗುತ್ತ ಚಿತ್ರ ಕಳಿಸಿ ರೋಗದ ಹೆಸರು ಹೇಳುತ್ತದೆ. ಕ್ಯಾನ್ಸರ್ ಎಂದಿತು. ಹಾಳಾದ್ದಕ್ಕೆ ಹಿಂದೆ ಕಂಡದ್ದಷ್ಟೇ ಗೊತ್ತು. ಡಾಕ್ಟರ್ ಗುರುಪಾದಯ್ಯ ಮಾತ್ರ ಒಪ್ಪಲಿಲ್ಲ. ರಕ್ತದಲ್ಲಿ ಅಲರ್ಜಿಗೆ ಏರುವ ಬಿಳಿಕಣಗಳು ವಿಪರೀತ ಏರಿದ್ದವು. "ಬೂಷ್ಟು ಇರಬೌದವ್ವ, ಗಂಟಿನ ಚೂರು ತಗದು ಲ್ಯಾಬಿನಾಗ ಬೂಷ್ಟು ಬೆಳೀತೈತೇನು ನೋಡೂಣು" ಅಂದರು. ಬೂಷ್ಟಾದರೆ ತಿಂಗಳುಗಟ್ಟಲೆ ಗುಳಿಗೆ ನುಂಗಿದರೆ ವಾಸಿಯಾದೀತು. ಅದಕ್ಕೆ ಕ್ಯಾನ್ಸರಿನ ಔಷಧಿ ಕೊಟ್ಟರೆ ಮೈಯ ಕಸುವು ಕುಸಿದು ಬೂಷ್ಟು ಎಲ್ಲೆಡೆ ಹರಡುತ್ತದೆ, ಮಗು ಉಳಿಯುವುದಿಲ್ಲ.

ಹೊಟ್ಟೆ ಕೊಯ್ದು ಚೂರು ತೆಗೆದರು. ಥಿಯೇಟರಿನ ಯಂತ್ರದ ಕೈ ಅದನ್ನು ಪೂರ್ತಿ ಫಾರ್ಮಲಿನ್ನಿಗೆ, ಅಂದರೆ ಚೂರು ಕೊಳೆಯದಂತೆ ಇಡುವ ದ್ರಾವಣಕ್ಕೆ, ಹಾಕಿಬಿಟ್ಟಿತು. ಫಾರ್ಮಲಿನ್ನಿನಲ್ಲಿ ಬೂಷ್ಟು ಸಾಯುತ್ತದೆ, ಮತ್ತೆ ಬೆಳೆಸಲಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಮುರುಕು ಎಳೆಗಳಂಥವೇನೋ ಕಂಡವು, ಖಾತ್ರಿಯಾಗಲಿಲ್ಲ. ಆ ಕೈ ಕೆಲಸ ಕಲಿತದ್ದು ನಿಮ್ಮ ಕಾಲದ ಥಿಯೇಟರಿನ ವಿಡಿಯೊಗಳಿಂದ. ನೀವು ಮಾಡುತ್ತಿದ್ದುದನ್ನೇ ಅದೂ ಮಾಡಿತು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಬೆಳೆಸಿ ನೋಡಲು ಹೊಸ ಚೂರು ಬೇಕೆಂದು ಇವತ್ತು ನೀಲಳನ್ನು ಮತ್ತೆ ಕೊಯ್ಯುತ್ತಾರೆ. ಅವಳಲ್ಲಿ ತ್ರಾಣವಿಲ್ಲ. ಅದಕ್ಕೇ ಕೇಳುತ್ತೇನೆ, ತಂಗಿ. ಎಲ್ಲರೂ ಕ್ಯಾನ್ಸರೆಂದೇ ಹೇಳುತ್ತಿರಲಿ, ಡಬ್ಬಿ ಮುಚ್ಚುವ ಮೊದಲು ಡಾಕ್ಟರನ್ನು ಕೇಳಿ ಒಂದು ಚೂರನ್ನು ಬೂಷ್ಟು ಸಾಯದಂಥ ಶುದ್ಧ ಉಪ್ಪುನೀರಿಗೆ ಹಾಕು, ಬೆಳೆಸಿ ನೋಡಲು ಕಳಿಸು. ನಿನ್ನ ಕೈಗೆ ಆ ರೂಢಿ ಬಿದ್ದರೆ ಯಂತ್ರದ ಕೈಗೂ ಬೀಳುತ್ತದೆ. ನನ್ನ ಮಗಳ ಹೊಟ್ಟೆಯ ಮೇಲೆ ಒಂದೇ ಗಾಯ ಉಳಿಯುತ್ತದೆ.

ಕರೆಯುತ್ತಿದ್ದಾರೆ. ಈ ಸಲ ಉಪ್ಪುನೀರಿನ ಬಾಟಲಿ ಹಿಡಿದು ನಾನೇ ಒಳಗೆ ಹೋಗುತ್ತೇನೆ.

ಹುಳಿಗೆಮ್ಮ