ಮುಚ್ಚಳ ಹಾಕಿದ ಕೈ

3-1-1989, ಬೆಳಿಗ್ಗೆ

ಮತ್ತೆ ಬರೆಯುವ ಶಿಕ್ಷೆ. ನಾಲ್ಕನೇ ಕ್ಲಾಸಿನಲ್ಲೇ ಸ್ಲೇಟು ಎಸೆದವನು ನಾನು. ಅರವತ್ತೆಂಟಕ್ಕೆ ಮತ್ತೆ ಹಿಡಿಸಿದ್ದಾರೆ. ಲಕ್ವ ಹೊಡೆದ ಬಲಗೈಗೆ ಇದೇ ವ್ಯಾಯಾಮವಂತೆ — ಮಾನಂತವಾಡಿ ಡಾಕ್ಟರ್ ಹೇಳಿದ, ಹೆಂಡತಿ ಪುಟ್ಟಗೌರಮ್ಮ ಅದನ್ನೇ ಹಿಡಿದುಕೊಂಡಳು. ದಿನಕ್ಕೆ ಹತ್ತು ಸಾಲು. ಬರೆದರೇ ಕಾಫಿ. ಮೇಷ್ಟ್ರು ಹೊಸಬರಾದರೇನು, ಬೆತ್ತ ಹಳೆಯದೇ.

ಬೇಲಿಯಾಚೆ ಕಂಟ್ರಾಕ್ಟರ್ ಸೋಮನ್ ಯಾರ್ಡು. ಅಲ್ಲಿ ಲಕ್ವ ಹೊಡೆಯುವ ಮುಂಚೆ ನಾನು ಎರಕ ಹೊಯ್ದ ಬಾವಿ ರಿಂಗುಗಳು. ಮೂರು ರಿಂಗು ಒಂದರ ಮೇಲೊಂದು, ಬುಡದಲ್ಲಿ ಕಿಂಡಿ, ತಲೆಗೆ ಮುಚ್ಚಳ. ಮೀನುಗಾರಿಕೆ ಆಫೀಸಿನವರು ಕಡಲಿಗಿಳಿಸಿದರೆ ಮೀನಿಗೆ ಮನೆಯಂತೆ. ಇಂಥ ಮನೆ ಹನ್ನೆರಡು ಹೋಗಿವೆ, ಹದಿನೆಂಟು ಉಳಿದಿವೆ. ನಾನು ಕಡಲು ನೋಡಿಲ್ಲ.

5-1

ಆಫೀಸಿನವರು ಕೊಟ್ಟ ನಕ್ಷೆಯಲ್ಲಿ ಮುಚ್ಚಳ ಇರಲಿಲ್ಲ. ಜೊತೆಗೆ ಕಾಂಕ್ರೀಟ್ ಕಲಸುವ ಕಾಳನ್ ಆಗಲೇ ಹೇಳಿದ್ದ — "ಅಯ್ಯಾ, ಚಿತ್ರದಾಗೆ ಬಾಯಿ ತೆರೆದದೆ."

"ನೀನ್ಯಾವ ಇಂಜಿನಿಯರೋ? ಬೇಗೂರಿನ ಬಾವಿ ಮರ್ತೋಯ್ತಾ?"

ಬೇಗೂರಿನಲ್ಲಿ ನಾನು ಕಟ್ಟಿದ ತೆರೆದ ಬಾವಿಗೆ ಪಕ್ಕದ ಮನೆಯ ತಂಗಮ್ಮನ ಮಗು ಬಿದ್ದು ಸತ್ತಿತು. ಅಂದಿನಿಂದ ನನ್ನ ಕೈಯಿಂದ ಮುಚ್ಚಳವಿಲ್ಲದೆ ಏನೂ ಹೊರಟಿಲ್ಲ. ಆನೆ ನಿಂತರೂ ಒಡೆಯಬಾರದು.

9-1, ಮಧ್ಯಾಹ್ನ

ಲಾರಿ ಜೊತೆ ಕಡಲಿಗೆ ಹೋಗಿದ್ದ ಕಾಳನ್ ಬಂದ. ಕೂರಲಿಲ್ಲ.

"ಅಯ್ಯಾ, ಕಡಲಾಗೆ ಮುಳುಗು ಹಾಕೋರು ಒಂದನ್ನ ಎತ್ತಿ ತೋರ್ಸಿದ್ರು. ಒಳಗೆ ಐದು ಕಡಲಾಮೆ. ಕೊಳ್ತೋಗವೆ."

"ಆಮೆ ನೀರಾಗೆ ಸಾಯ್ತದೇನೋ, ಪೆದ್ದೆ?"

"ಉಸ್ರು ಮೇಲೆ ಬಂದೇ ತಕಬೇಕಂತೆ. ಮೀನಿನ ಹಿಂದೆ ಕಿಂಡೀಲಿ ನುಗ್ತವೆ. ಉಸ್ರಿಗೆ ಮೇಲಕ್ಕೆ ಏಳ್ತವೆ. ಬಂದ ದಾರಿ ಸಿಕ್ಕಾಕಿಲ್ಲ. ಮುಚ್ಚಳದ ಅಡಿಯೆಲ್ಲ ಉಗುರಿನ ಗೀರು..."

ಹೊಡೆಯಲು ಕೋಲೆತ್ತಿದೆ. ಎಡಗೈ. ಕೋಲೇ ಬಿತ್ತು. ಅವನೇ ಎತ್ತಿ ಕೊಟ್ಟ.

13-1

ಮೂರು ದಿನ ಬರೆಯಲಿಲ್ಲ. ಕಾಫಿಯೂ ಇಲ್ಲ.

ಸೋಮನ್ ಬಂದಿದ್ದ. ಉಳಿದ ಹದಿನೆಂಟರ ಮುಚ್ಚಳ ಒಡೆಸು ಎಂದೆ. ನಕ್ಕ.

"ಆಮೆ ವೋಟು ಹಾಕುತ್ತಾ, ಮಲ್ಲಪ್ಪಣ್ಣಾ? ಇಪ್ಪತ್ತೆರಡನೇ ತಾರೀಖಿಗೆ ಲಾರಿ. ಹದಿನೆಂಟೂ ಹೋಗ್ತವೆ."

"ಸಾಯ್ತವೆ ಕಣೋ."

"ಮುಚ್ಚಳ ಹಾಕಿದ್ದು ಯಾರು ಅಂತ ಆಫೀಸಿನವರು ಕೇಳಿದರೆ ಕಾಳನ್ ಹೆಸರು ಹೇಳ್ತೀನಿ. ಕಾಡಿನವ, ನಕ್ಷೆ ತಿಳೀಲಿಲ್ಲ ಅಂದ್ರೆ ಯಾರೂ ಎರಡನೇ ಮಾತು ಕೇಳಲ್ಲ. ನಿಮ್ಮ ಮಾನ ಉಳೀತಲ್ಲ?"

ಕಾಳನ್ ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. ನಾನು ಬೇಲಿಯ ಕಡೆ ಮುಖ ತಿರುಗಿಸಿದೆ. ಸಂಜೆಯೇ ಸೋಮನ್ ಅವನನ್ನು ಕೆಲಸದಿಂದ ತೆಗೆದ.

16-1

ಸುತ್ತಿಗೆ ಹಿಡಿದು ಯಾರ್ಡಿಗೆ ಹೋದೆ. ಎಡಗೈಯಲ್ಲಿ ಮೂರು ಪೆಟ್ಟು. ಗೀರೂ ಬೀಳಲಿಲ್ಲ. ಕಂಬಿ ದುಪ್ಪಟ್ಟು ಹಾಕಿದವನು ನಾನೇ.

ಬೇಲಿಯಿಂದ ಪುಟ್ಟಗೌರಮ್ಮ — "ಆನೆ ನಿಂತ್ರೂ ಒಡೆಯಾಕಿಲ್ಲ ಅಂತಿದ್ರಲ್ಲ. ನೀವು ಆನೇನಾ? ಬನ್ನಿ ಸಾಕು."

ಕಾಳನ್ ಗುಡಿಸಲಿಗೆ ಹೋದೆ. "ಅವ್ನಿಲ್ಲ" ಅಂದಳು ಹೆಂಡತಿ ಕೆಂಪಿ. ಒಳಗೆ ಅವನದೇ ಕೆಮ್ಮು.

18-1, ಬೆಳಿಗ್ಗೆ

ಇವತ್ತಿನದು ಕಾಫಿಗಲ್ಲ. ಇದನ್ನು ಹರಿದು ಸೋಮನ್‌ಗೆ ಕಳಿಸುವುದು.

ಸೋಮಾ,
ಮುಚ್ಚಳ ಹಾಕಿದ್ದು ನಾನು, ಶಿವಮಲ್ಲಪ್ಪ. ಕಾಳನ್ ಅಲ್ಲ. ಅವನು ಬೇಡವೆಂದ, ನಾನು ಬೈದೆ. ಇದೇ ಮಾತು ಮೀನುಗಾರಿಕೆ ಆಫೀಸಿಗೂ ಇನ್ನೊಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಕಡಲಿಗಿಳಿದ ಹನ್ನೆರಡರ ಮಾತು ಆಮೇಲೆ. ಕಾಳನ್‌ನನ್ನು ಮತ್ತೆ ಕೆಲಸಕ್ಕೆ ಕರೆದು, ಯಾರ್ಡಿನ ಹದಿನೆಂಟರ ಮುಚ್ಚಳ ಅವನ ಕೈಯಲ್ಲಿ ಒಡೆಸುತ್ತೀಯೋ ಇಲ್ಲವೋ? ಇಪ್ಪತ್ತನೇ ತಾರೀಖು ಸಂಜೆಯೊಳಗೆ ಹೇಳು, ಇಲ್ಲವಾದರೆ ಆ ಹಾಳೆ ಆಫೀಸಿಗೆ ಹೋಗುತ್ತದೆ.