ಗಾಜಿನ ಮೇಲೆ ಬಿಟ್ಟುಹೋದ ಹಾಳೆ

ಅಲ್ವರ್‌ಸ್ಟನ್, ಟಾಸ್ಮೇನಿಯ
ಜೂನ್ ೧೧, ಮಂಗಳವಾರ

ಪ್ರೀತಿಯ ಟಮ್ಸಿನ್,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಎಂದು ಆಮೇಲೆ ಕೇಳುತ್ತೇನೆ, ಮೊದಲು ಬೈಯುವುದಿದೆ.

ಕಳೆದ ವಾರ ಮನೆಗೆ ಬಂದಿದ್ದವಳು ಇಲ್ಲಿನ ಲೈಬ್ರರಿಯಲ್ಲಿ ನಿನ್ನ ಝೀನ್‌ನ, ಒಂದೇ ಹಾಳೆ ಮಡಿಸಿ ಮಾಡುವ ಆ ಎಂಟು ಪುಟದ ಪುಸ್ತಕದ, ಪ್ರತಿಗಳನ್ನು ತೆಗೆದೆಯಲ್ಲ, ಮೂಲ ಹಾಳೆಯನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೇ ಬಿಟ್ಟುಹೋಗಿದ್ದೀಯ. ಇಂಥ ಪುಟ್ಟ ಪುಸ್ತಕ ಮಾಡುವವರೆಲ್ಲ ಒಮ್ಮೆಯಾದರೂ ಹೀಗೆ ಮಾಡುತ್ತಾರಂತೆ. ಹಾಗೆಂದು ಹೇಳಿದವಳು ಲೈಬ್ರರಿಯ ನೋಲಾ. ಹಾಳೆ ಸಿಕ್ಕಿದ್ದೂ ಅವಳಿಗೇ.

ಸಂಜೆ ಮನೆಗೇ ತಂದುಕೊಟ್ಟಳು. "ಗ್ಲೆನಿಸ್, ನಿನ್ ಮಗಳ ಅಕ್ಷರ ನಂಗೊತ್ತಾಗಲ್ವೇನೆ? ಲಾಕ್ಲನ್ ಗಣೀಲಿದಾನೆ ಅಂತಿದ್ಯಲ್ಲ, ಇದ್ರಲ್ಲಿ ಜೈಲಲ್ಲಿದಾನೆ!" ಎಂದಳು.

ನಿನ್ನ ತಮ್ಮ ಕುಡಿದು ಟ್ರಕ್ ಓಡಿಸಿ ಒಬ್ಬರ ಕಾಲು ಮುರಿದು ಒಳಗೆ ಹೋದಂದಿನಿಂದ ನಾನು ಊರಿಗೆಲ್ಲ ಒಂದೇ ಕಥೆ ಹೇಳಿಕೊಂಡು ಬಂದಿದ್ದೇನೆ. ಪಶ್ಚಿಮ ಆಸ್ಟ್ರೇಲಿಯದ ಕಬ್ಬಿಣದ ಗಣಿ, ಒಳ್ಳೆಯ ಸಂಬಳ, ವಿಪರೀತ ಸೆಕೆ. ಹೋದ ಕ್ರಿಸ್‌ಮಸ್‌ಗೆ ಅವನಿಗೊಬ್ಬ ಗೆಳತಿಯನ್ನೂ ಹುಟ್ಟಿಸಿಬಿಟ್ಟೆ, ನರ್ಸ್. ಚರ್ಚಿನಲ್ಲಿ ಎಲ್ಲರಿಗೂ ಅವಳು ಹಿಡಿಸಿದ್ದಳು.

ನೋಲಾಳನ್ನು ಕೂರಿಸಿ ಚಹಾ ಕೊಟ್ಟೆ. "ಆ ನರ್ಸೂ ಸುಳ್ಳೇನೆ?" ಎಂದು ಕೇಳಿದಳು. ಹೂಂ ಎಂದೆ. "ಅಯ್ಯೋ, ಅವಳಿಗೆ ಅಂತ ನಾನು ಸ್ವೆಟರ್ ಹೆಣೀತಿದ್ದೆನಲ್ಲೇ, ಒಂದ್ ತೋಳು ಮುಗ್ದಿತ್ತು!" ಎಂದು ಬಿದ್ದು ಬಿದ್ದು ನಕ್ಕಳು. ಮರ್ಯಾದೆ ಹೋಯಿತೆಂದು ಅಳುವುದಕ್ಕೆ ಸಿದ್ಧಳಾಗಿದ್ದ ನಾನು ಅವಳಿಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

ಅವಳು ಹೋದ ಮೇಲೆ, ಜೈಲಿನ ಭೇಟಿಗಳ ಬಗ್ಗೆ ನೀನು ಬರೆದ ಹಾಳೆಯನ್ನು ಪೂರ್ತಿ ಓದಿದೆ. ಚಿತ್ರಗಳು ಚೆನ್ನಾಗಿವೆ. ಐದನೆಯ ಪುಟದಲ್ಲಿ, "ಅಮ್ಮ ಯಾಕೆ ಬರಲ್ಲ ಅಂತ ಪ್ರತಿ ಸಲ ಕೇಳ್ತಾನೆ. ಮಂಡಿನೋವು, ಅಷ್ಟು ದೂರ ಬಸ್ಸಲ್ಲಿ ಕೂರೋಕಾಗಲ್ಲ ಅಂತೀನಿ. ಪಾಪ, ನಂಬ್ತಾನೆ" ಎಂದು ಬರೆದಿದ್ದೀಯ.

ನನ್ನ ಮಂಡಿಗೆ ಏನೂ ಆಗಿಲ್ಲ ಟಮ್ಸಿನ್, ಅದು ನಿನಗೂ ಗೊತ್ತು. ನಾನು ಊರಿಗೆ ಸುಳ್ಳು ಹೇಳುತ್ತಿದ್ದರೆ ನೀನು ನನಗೋಸ್ಕರ ಅವನಿಗೆ ಹೇಳುತ್ತಿದ್ದೀಯ. ಆ ಪುಟ ಓದಿ ಬಹಳ ನಾಚಿಕೆಯಾಯಿತು. ಅದನ್ನು ತೆಗೆದುಹಾಕು ಎನ್ನಲು ಫೋನ್ ಕೈಗೆತ್ತಿಕೊಂಡವಳು ಹಾಗೇ ಇಟ್ಟುಬಿಟ್ಟೆ.

ಮಾರನೆಯ ದಿನ, ಲಾಕ್ಲನ್‌ಗೆ ನಾವೂ ಒಂದು ಪುಸ್ತಕ ಮಾಡಿ ಕಳಿಸೋಣವೆಂದು ನೋಲಾ ಕತ್ತರಿ ಹಿಡಿದು ಬಂದಳು. ಒಳಗಿರುವವರಿಗೆ ಕಳಿಸುವ ಕಾಗದಕ್ಕೆ ಸ್ಟೇಪಲ್ ಪಿನ್ ಇರಬಾರದು, ಅಂಟು ಹಚ್ಚಿರಬಾರದು ಎಂದು ನೀನೇ ಬರೆದಿದ್ದೀಯಲ್ಲ. ಹಾಗಾಗಿ ಒಂದೇ ಹಾಳೆ, ಎಂಟು ಪುಟಕ್ಕೆ ಮಡಿಸಿ ನಡುವೆ ಸೀಳುವ ನಿನ್ನ ವಿಧಾನವನ್ನೇ ಹಿಡಿದೆವು. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಎಂಟು ಚೌಕಗಳಲ್ಲೂ ಬರೆದೆ. ಕೋಳಿಗಳು, ಈ ವರ್ಷದ ಆಲೂಗಡ್ಡೆ, ಫುಟ್‌ಬಾಲ್‌ನಲ್ಲಿ ನಮ್ಮ ಊರು ಸೋತಿದ್ದು, ನೋಲಾಳ ಸ್ವೆಟರ್. ಮಡಿಸಿ ನೋಡಿದರೆ ಅರ್ಧ ಪುಸ್ತಕ ತಲೆಕೆಳಗು! ಮೇಲಿನ ಸಾಲಿನ ನಾಲ್ಕು ಚೌಕಗಳನ್ನು ಹಾಳೆ ತಿರುಗಿಸಿಕೊಂಡು ಬರೆಯಬೇಕಿತ್ತು. "ಇರ್ಲಿ ಬಿಡೇ, ಅವನಿಗೆ ಅಲ್ಲಿ ಬೇರೇನ್ ಕೆಲ್ಸ? ತಿರುಗಿಸ್ಕೊಂಡ್ ಓದ್ತಾನೆ" ಎಂದಳು ನೋಲಾ.

ಅದನ್ನು ಇದರ ಜೊತೆಗಿಟ್ಟಿದ್ದೇನೆ. ಅವನಿಗೆ ಅಂಚೆಯಲ್ಲಿ ಕಳಿಸು. ಅವನ ಕೈದಿ ನಂಬರು ನನಗೆ ಗೊತ್ತಿಲ್ಲ. ಈವರೆಗೆ ಕೇಳಿಯೂ ಇರಲಿಲ್ಲ.

ಐದನೆಯ ಪುಟ ಇರಲಿ. ನಿನ್ನ ಝೀನ್‌ಗಳನ್ನು ಯಾರಿಗೆ ಬೇಕಾದರೂ ಹಂಚು. ನೋಲಾಗೆ ಒಂದು ಪ್ರತಿ ಬೇಕಂತೆ.

ಚಳಿ ಜೋರಾಗಿದೆ, ಬೆಚ್ಚಗಿರು. ಹೇಗಿದ್ದೀಯ?

ನಿನ್ನ ಅಮ್ಮ,
ಗ್ಲೆನಿಸ್

ಮ.ಬ.: ಶುಕ್ರವಾರದ ಬಸ್ಸಿಗೆ ಹೋಬಾರ್ಟ್‌ಗೆ ಬರುತ್ತಿದ್ದೇನೆ. ಶನಿವಾರದ ಜೈಲು ಭೇಟಿಗೆ ನನ್ನ ಹೆಸರನ್ನೂ ಬರೆಸು. ಟೋಪಿಯಿರುವ ಕೋಟು ಒಳಗೆ ಬಿಡುವುದಿಲ್ಲವಂತೆ, ನನ್ನ ಹತ್ತಿರ ಇರುವುದು ಅದೊಂದೇ, ನಿನ್ನದೊಂದು ತೆಗೆದಿಡು. ಲಾಕ್ಲನ್‌ಗೆ ಮಾತ್ರ ಈಗಲೇ ಹೇಳಬೇಡ. ಬಾಗಿಲವರೆಗೆ ಬಂದು ವಾಪಸು ಹೋಗಿಬಿಡುತ್ತೇನೋ ಎಂದು ನನಗೆ ಭಯವಿದೆ.